ರೆಕ್ಕೆ ಮಸುಕಾದ ಫೋಟೋ

“ರೆಕ್ಕಿ ಮಸುಕಾಗೈತ್ರಿ. ಇನ್ನೊಂದು ಫೋಟೋ ಕಳಸ್ರಿ.”

ಹೇಮಾ ಮೊಬೈಲನ್ನು ಹಾಸಿಗೆಯ ಮೇಲೆ ಎಸೆದಳು. ಹಾಳಾಗಿ ಹೋಗಲಿ ಈ ಮನುಷ್ಯ, ಇವನ ನೊಣ!

ಅವಳು ಆನೆಗೊಂದಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕಂಬಳಿಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದನ್ನೇ ಮರಿಗಳಿಗೆ ಊಟವಾಗಿಸುವ ಪರಾವಲಂಬಿ ನೊಣಗಳು ಕಾಡುಹೂಗಳ ಮೇಲೆ ಕಂಡರೆ ಸಾಕು, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದಳು. ಅವು ಯಾವ ನೊಣವೆಂದು ಹೆಸರು ಹೇಳುವವನು ಕುಷ್ಟಗಿಯ ಅತಿಥಿ ಉಪನ್ಯಾಸಕ ಶಾಂತಕುಮಾರ. ಬೆನ್ನಿನ ಕೂದಲು, ರೆಕ್ಕೆಯ ನರ ಎಲ್ಲ ನೋಡಿ ಕೊನೆಗೆ ‘ಇರಬಹುದು’ ಅನ್ನುತ್ತಿದ್ದ. ಒಂದು ದಿನವೂ ‘ಹೌದು’ ಅಂದವನಲ್ಲ. ಗ್ರೂಪಿನ ಮಾತು ಫೋನಿಗೆ ಬಂದು, ದಿನಾ ಸಂಜೆಯ ಹರಟೆಯಾಗಿ ವರ್ಷವಾಗಿತ್ತು. ಮನಸ್ಸಿನ ಮಾತು ಮಾತ್ರ ಅವನ ಬಾಯಿಂದ ಬಿದ್ದಿರಲಿಲ್ಲ.

ಭಾನುವಾರ ಅವಳನ್ನು ನೋಡಲು ಯಲಬುರ್ಗಾದಿಂದ ಗಂಡಿನ ಕಡೆಯವರು ಬರುವವರಿದ್ದರು. ಅದನ್ನು ಹೇಳಿದರೆ “ಹೌದ್ರಿ? ಛಲೋ ಆತು” ಅಂದಿದ್ದ!

ಕೊನೆಗೆ ಅವಳೇ ನಾಚಿಕೆ ಬಿಟ್ಟಳು. ಇವತ್ತು ಬೆಳಿಗ್ಗೆ ಹೊಸ ಸೀರೆ ಉಟ್ಟು, ಚಳಿಗೆ ಮಂಕಾಗಿ ಕೂತ ನೊಣದ ಸಮೇತ ತುಂಬೆಯ ಟೊಂಗೆಯನ್ನು ಕೆನ್ನೆಯ ಹತ್ತಿರ ಹಿಡಿದು, ಸೆಲ್ಫಿ ತೆಗೆದು ಅವನೊಬ್ಬನಿಗೇ ಕಳಿಸಿದಳು. ಆ ಪುಣ್ಯಾತ್ಮ ಅವಳ ಮುಖವನ್ನೆಲ್ಲ ಕತ್ತರಿಸಿ, ನೊಣವನ್ನಷ್ಟೇ ಉಳಿಸಿ, ರೆಕ್ಕೆಗೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ದ.

ಹೇಮಾ ಫೋನ್ ಹಚ್ಚಿದಳು. “ನಿಮಗ ನೊಣ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲೇನ್ರಿ? ಇನ್ನೊಂದು ಫೋಟೋ ಬೇಕಂದ್ರ ನೀವ ಬಂದು ತಗೊಳ್ರಿ!”

ಉತ್ತರ ಕೇಳದೆ ಇಟ್ಟುಬಿಟ್ಟಳು. ಆಮೇಲೆ ಅತ್ತಳು.

ಶನಿವಾರ ಶಾಲೆ ಬಿಟ್ಟಾಗ ಗೇಟಿನ ಮುಂದೆ ಅವನು ನಿಂತಿದ್ದ. ತಲೆತುಂಬ ಗಂಗಾವತಿ ಬಸ್ಸಿನ ಧೂಳು, ಕೊರಳಲ್ಲಿ ಕ್ಯಾಮೆರಾ. ಹೇಮಾ ಅವನ ಮುಂದೆ ಬಿರಬಿರನೆ ಸಾಣಾಪುರದ ರಸ್ತೆಯ ತುಂಬೆಗಿಡದ ತನಕ ನಡೆದಳು.

“ನೋಡ್ರಿ, ಕುಂತೈತಿ. ತಗೀರಿ.”

ಅವನು ಕ್ಯಾಮೆರಾ ಎತ್ತಿದ. ಗಿಡದ ಕಡೆಗಲ್ಲ, ಅವಳ ಕಡೆಗೆ. ಕ್ಲಿಕ್ ಅಂತು.

“ಇಲ್ಲೆಲ್ಲೈತ್ರಿ ನೊಣ?”

“ಅವತ್ತು ನಿಮ್ಮ ಮುಖ ನೋಡಕೋತ ಕುಂತ್ರ ಒಂದಕ್ಷರ ಬರಿಯಾಕ ಆಗಲಿಲ್ರಿ. ಅದಕ್ಕ ಕತ್ತರಿಸಿದೆ.” ಅವನು ಕ್ಯಾಮೆರಾ ಇಳಿಸಿದ. “ಬರೂ ಹುಡುಗಂದು ಸರಕಾರಿ ನೌಕರಿ. ನಂದು ಇವತ್ತೈತಿ, ನಾಳೆ ಇಲ್ಲ. ಹ್ಯಾಂಗ ಕೇಳಲಿ ಅಂತ ಸುಮ್ಮನಿದ್ದೆ. ಆದ್ರ ನೀವು ನನಗ ಬೇಕ್ರಿ, ಹೇಮಾ.”

“ಬೇಕಾಗಿರಬಹುದೇನು?”

“ಇಲ್ರಿ. ಖಾತ್ರಿ.”

ಹೇಮಾ ಕ್ಯಾಮೆರಾ ಕಸಿದುಕೊಂಡು ನೋಡಿದಳು. ಫೋಟೋ ಅಲುಗಿಹೋಗಿ, ಅವಳ ಮೂಗು ಯಾವುದು, ಕಣ್ಣು ಯಾವುದು ತಿಳಿಯುವಂತಿರಲಿಲ್ಲ. ಇಷ್ಟು ದಿನದ ಸಿಟ್ಟೆಲ್ಲ ನಗುವಾಗಿ ಉಕ್ಕಿತು.

“ಮುಖ ಮಸುಕಾಗೈತ್ರಿ,” ಅಂದಳು. “ನಡೀರಿ ಮನಿಗೆ. ಅಪ್ಪನ ಮುಂದ ಇನ್ನೊಂದು ತಗೀರಿ.”