ಗಾಳಿ ಬಂದೈತಿ

2025ರ ಜನವರಿ 15, ಬುಧವಾರ. ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಪೊಲೀಸ್ ಠಾಣೆಯ ಫೋನ್ ರಿಂಗಾಯಿತು. ಎತ್ತಿದವನು ಹೆಡ್ ಕಾನ್‌ಸ್ಟೇಬಲ್ ಗೌಸಸಾಬ. ಆ ಕಡೆಯ ಗಂಡಸು ಕನ್ನಡದಲ್ಲಿ ಎರಡು ಮಾತು ಹೇಳಿ ಇಟ್ಟುಬಿಟ್ಟ. ಗೌಸಸಾಬ ಅದನ್ನು ಕೊಂಕಣಿಗೆ ತಿರುಗಿಸಿ ಸ್ಟೇಷನ್ ಡೈರಿಯಲ್ಲಿ ಬರೆದ: ಕುಂಕಳ್ಳಿಯಲ್ಲಿ ಮಾಡಿದ ವಿಮಾನದ ಪೆಟ್ರೋಲ್ ಟಾಕಿಯೊಳಗೆ ಗಾಳಿ ಬಂದಿದೆ, ವಿಮಾನ ಹಾರಿಸಬೇಡಿ. ಕೆಳಗೆ ಫೋನ್ ನಂಬರ್ ಬರೆದ. ಆಮೇಲೆ ಚಹಾ ಕುಡಿದ.

8.10ಕ್ಕೆ ಇನ್‌ಸ್ಪೆಕ್ಟರ್ ಶಿವಲಿಂಗ ಕಟಗೇರಿ ಬಂದು ಡೈರಿ ನೋಡಿದ. ಅವನ ಅಪ್ಪ ಬಾದಾಮಿ ಕಡೆಯಿಂದ ಬಂದರಿನ ಕೂಲಿಗೆ ಬಂದವನು. ಗೌಸಸಾಬನ ಮನೆಯವರು ಹುಬ್ಬಳ್ಳಿ ಕಡೆಯವರು. ಇಬ್ಬರೇ ಇದ್ದಾಗ ಕನ್ನಡ, ಠಾಣೆಯ ಬರವಣಿಗೆಯೆಲ್ಲ ಕೊಂಕಣಿ.

“ಯಾವನೋ ಹುಚ್ಚ ಇರಬೇಕ್ರಿ ಸಾಹೇಬ್ರ,” ಎಂದ ಗೌಸಸಾಬ. “ಟಾಕ್ಯಾಗ ಗಾಳಿ ಬಂದ್ರ ಏನಾತು? ಮುಂಜಾನೆದ್ದು ನನ್ನ ಹೊಟ್ಯಾಗೂ ಬರತೈತಿ.”

“ಹಾರಿಸಬ್ಯಾಡ್ರಿ ಅಂದಾನಲ್ಲ? ಹಲ್ಲು ಕಿಸೀಬ್ಯಾಡ. ಯಾವ ವಿಮಾನ, ಹುಡುಕು.”

ಹುಡುಕುವುದು ಕಷ್ಟವಾಗಲಿಲ್ಲ. ಕುಂಕಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಅಂಥ ಟಾಕಿ ಮಾಡುವುದು ದರ್ಯಾ ಏರೋ ವರ್ಕ್ಸ್ ಒಂದೇ. ನಾಲ್ಕು ಸೀಟಿನ ಸಣ್ಣ ವಿಮಾನ ಒಮ್ಮೆ ಪೆಟ್ರೋಲ್ ತುಂಬಿದರೆ ಐದು ತಾಸು ಹಾರುತ್ತದೆ. ಸಮುದ್ರ ದಾಟಬೇಕಾದರೆ ಅದು ಸಾಲದು. ಹಿಂದಿನ ಎರಡು ಸೀಟು ಕಿತ್ತು ಅಲ್ಲಿ ಅಲ್ಯೂಮಿನಿಯಂ ಟಾಕಿ ಕೂಡಿಸುತ್ತಾರೆ. ಪೈಲಟ್ ವಿದ್ಯಾ ಪ್ರಭುದೇಸಾಯಿ ಮುಂದಿನ ವಾರ ಅಂಥದೊಂದು ವಿಮಾನವನ್ನು ಒಮಾನಿನ ಸಲಾಲಾಕ್ಕೆ ಒಯ್ಯುವವಳಿದ್ದಳು. ಒಂಬತ್ತು ತಾಸು, ಕೆಳಗೆ ಬರೀ ನೀರು. ಇವತ್ತು ಬೆಳಿಗ್ಗೆ 11ಕ್ಕೆ ಪರೀಕ್ಷಾ ಹಾರಾಟ: ಹೊಸ ಟಾಕಿಯ ಪೆಟ್ರೋಲಿನ ಮೇಲೆ ಸಮುದ್ರದತ್ತ ಒಂದು ತಾಸು.

ಶಿವಲಿಂಗ ಅವಳಿಗೆ ಫೋನ್ ಮಾಡಿ ವಿಷಯ ಹೇಳಿದ. ಗಾಳಿ ಒಳಗೆ ಬರುವುದೆಂದರೆ ಟಾಕಿ ಎಲ್ಲೋ ಸೋರುತ್ತಿರಬೇಕು ಎಂದು ಅವಳು ಕೊಂಕಣಿಯಲ್ಲಿ ಹೇಳಿದಳು. ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಮೆಕ್ಯಾನಿಕರು ಟಾಕಿಯ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬೆಸುಗೆಗೆ ಸಾಬೂನು ನೀರು ಹಚ್ಚಿ ನೋಡಿದರು. 10.05ಕ್ಕೆ ಅವಳೇ ತಿರುಗಿ ಫೋನ್ ಮಾಡಿದಳು. ಒಂದು ಗುಳ್ಳೆಯೂ ಏಳಲಿಲ್ಲ, ಹಾರಾಟ 11ಕ್ಕೇ ಎಂದಳು. ಟಾಕಿ ಮಾಡಿದ ದೇವುವನ್ನೇ ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದಳು.

ಅಲ್ಲಿಗೆ ಮುಗಿಯಿತೆಂದು ಫೈಲು ಮುಚ್ಚಬಹುದಿತ್ತು. ಸುಳ್ಳು ಫೋನ್ ಮಾಡಿದವನನ್ನು ಹಿಡಿದು ನಾಲ್ಕು ಬೈಯಬೇಕೆಂಬ ಸಿಟ್ಟು ಶಿವಲಿಂಗನಿಗೆ. ಅಷ್ಟರಲ್ಲಿ ನಂಬರಿನ ವಿಳಾಸವೂ ಸಿಕ್ಕಿತ್ತು. ದರ್ಯಾ ವರ್ಕ್ಸ್ ಗೇಟಿನ ಪಕ್ಕ ಕ್ಯಾಂಟೀನ್ ನಡೆಸುವ ಭಾಗವ್ವನದು.

10.35. ಕ್ಯಾಂಟೀನಿನ ಬಾಗಿಲು ಮುಚ್ಚಿತ್ತು. ಭಾಗವ್ವ ಹಿಂದಿನ ಕೋಣೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು.

“ಇವತ್ತ ಸಂಕ್ರಾಂತಿ ಕರಿ ರೀ. ಕ್ಯಾಂಟೀನ್ ಬಂದೈತ್ರಿ.”

“ಎಲ್ಲಿಂದ ಬಂದೈತಿ, ಬಿಜಾಪುರದಿಂದೇನು?” ಎಂದು ಗೌಸಸಾಬ ನಕ್ಕ.

ಶಿವಲಿಂಗ ನಗಲಿಲ್ಲ. ಗೌಸಸಾಬನ ರಟ್ಟೆ ಹಿಡಿದ.

“ಫೋನಿನ್ಯಾಗ ಅವಾ ಏನಂದ? ಕನ್ನಡದಾಗ ಹೇಳು. ಅವಾ ಅಂದಂಗ.”

“ಟಾಕಿದು ಗಾಳಿ ಬಂದೈತಿ ಅಂದ್ರಿ.”

“ಟಾಕ್ಯಾಗ ಅಂದನೋ, ಟಾಕಿದು ಅಂದನೋ?”

“ಟಾಕಿದು...” ಗೌಸಸಾಬನ ಮುಖದ ನಗು ಇಳಿಯಿತು. “ಯಾ ಅಲ್ಲಾ. ಬಂದ್ ಐತಿ ಅಂದಾನ್ರಿ ಅವಾ.”

ಗಾಳಿ ಬಂದಿರಲಿಲ್ಲ. ಗಾಳಿ ಬಂದ್ ಆಗಿತ್ತು.

ವಿದ್ಯಾಳ ಫೋನ್ ಸ್ವಿಚ್ ಆಫ್. ಹ್ಯಾಂಗರಿನ ಫೋನ್ ಯಾರೂ ಎತ್ತಲಿಲ್ಲ. ಶಿವಲಿಂಗ ಕಂಟ್ರೋಲ್ ರೂಮಿಗೆ ಹೇಳಿದ, ಅವರು ನಿಲ್ದಾಣದ ಭದ್ರತಾ ಅಧಿಕಾರಿಗೆ ಹೇಳಿದರು, ಆತ ಟವರಿಗೆ ಹೇಳಿದ. 10.54ಕ್ಕೆ ವಿಮಾನ ನಿಂತಿತು. ಅಷ್ಟೊತ್ತಿಗಾಗಲೇ ಎಂಜಿನ್ ಚಾಲೂ ಆಗಿ, ಅದು ರನ್‌ವೇ ಕಡೆಗೆ ಉರುಳುತ್ತಿತ್ತು.

ಮಧ್ಯಾಹ್ನ 12.30ಕ್ಕೆ ಹ್ಯಾಂಗರಿನಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ. ಟಾಕಿಯ ಮೇಲ್ಭಾಗದಲ್ಲಿ ಹೊರಗಿನ ಗಾಳಿ ಒಳಬರಲು ಒಂದು ನಳಿಕೆ. ಪೆಟ್ರೋಲ್ ಖಾಲಿಯಾದಷ್ಟೂ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಇಳಿಯುವುದು ನಿಂತು ಟಾಕಿ ಒಳಕ್ಕೆ ಎಳೆದುಕೊಳ್ಳುತ್ತದೆ. ನಳಿಕೆಗೆ ಹಾಕಿದ ರಬ್ಬರ್ ಪೈಪು ಬಿಚ್ಚಿದಾಗ ಅಡಿಯಲ್ಲಿ ಅಂಗಿ ಗುಂಡಿಯಷ್ಟು ಅಗಲದ ಅಲ್ಯೂಮಿನಿಯಂ ಬಿಲ್ಲೆ ಸಿಕ್ಕಿತು. ಬಾಯಿ ಪೂರ್ತಿ ಮುಚ್ಚಿತ್ತು. ಆ ಪೈಪನ್ನು ಸೋಮವಾರ ವರ್ಕ್‌ಶಾಪಿನಲ್ಲೇ ಕೂಡಿಸಿ ಕಳಿಸಿದ್ದರು. ಸೋರಿಕೆ ನೋಡುವಾಗ ಆ ನಳಿಕೆಯನ್ನೂ ಮುಚ್ಚಿಯೇ ನೋಡುವುದು, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

“ಹಾರಿದ್ದರೆ?” ಎಂದು ಶಿವಲಿಂಗ ಕೇಳಿದ.

ಎಂಜಿನ್ ನಿಂತಿದ್ದರೆ ಬೇರೆ ಟಾಕಿಗೆ ತಿರುಗಿಸಿಕೊಳ್ಳುತ್ತಿದ್ದೆ ಎಂದಳು ವಿದ್ಯಾ. ಆದರೆ ಅದಕ್ಕೂ ಮೊದಲು ಟಾಕಿ ಒಳಕ್ಕೆ ಕುಸಿದು ಬೆಸುಗೆ ಬಿರಿದಿದ್ದರೆ, ಬೆನ್ನ ಹಿಂದೆ ಕ್ಯಾಬಿನ್ ತುಂಬ ಪೆಟ್ರೋಲ್. ದೂರಿಗೆ ಸಹಿ ಹಾಕಿದಳು. ಎಫ್‌ಐಆರ್ ಆಯಿತು.

ದೇವು ಹ್ಯಾಂಗರಿನ ಗೋಡೆಗೆ ಆತು ಕೂತಿದ್ದ. ಇಪ್ಪತ್ತೇಳರ ಆಳು, ಹೊಸ ಅಂಗಿ ಹಾಕಿಕೊಂಡು ಬಂದಿದ್ದ.

“ನಾ ಮಾಡಿದ ಟಾಕಿರೀ. ಎಲ್ಲಾರೂ ನನ್ನ ಕಡೇನ ನೋಡಾಕತ್ತಾರ.”

“ನೀ ಹಾಕಿದ್ರ ನೀನ ಹತ್ತಿ ಕೂಡತಿದ್ದೇನು? ಏಳು, ಮುಖ ತೊಳಕೋ. ಸೋಮವಾರ ಅದನ್ನ ಯಾರ್ಯಾರು ಮುಟ್ಟಿದ್ರು?”

“ನಾನು, ಇಲಿಯಾಸ, ಹುಲಿಗೆಪ್ಪ ಕಾಕಾ. ಮೂರ ಮಂದಿ.”

“ಹುಲಿಗೆಪ್ಪ ಯಾರು?”

“ನಮ್ಮ ಮೇಸ್ತ್ರಿ ರೀ. ನನಗ ಬೆಸಿಗಿ ಕಲಿಸಿದವರು ಅವರ.”

3.15ಕ್ಕೆ ವರ್ಕ್‌ಶಾಪ್. ಭಾಗವ್ವನ ಫೋನು ಯಾವಾಗಲೂ ಕಿಟಕಿಯಲ್ಲಿ ಚಾರ್ಜಿಗೆ ಇರುತ್ತದೆ, ಬೆಳಿಗ್ಗೆ ಅವಳು ನಲ್ಲಿಗೆ ಹೋಗಿದ್ದಳು, ಯಾರಾದರೂ ಎತ್ತಬಹುದಿತ್ತು. ಮೂವರೂ 7.30ಕ್ಕೆಲ್ಲ ಗೇಟಿಗೆ ಬಂದವರೇ. ಶಿವಲಿಂಗ ಬೆಂಚಿನ ಮೇಲಿದ್ದ ಇನ್ನೊಂದು ಟಾಕಿಯ ನಳಿಕೆಯನ್ನು ಬೆರಳಿನಿಂದ ಮುಟ್ಟಿ ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದ.

“ಇದಕ್ಕ ಏನಂತೀರಿ?”

“ವೆಂಟ್ ರೀ,” ಎಂದ ದೇವು.

“ವೆಂಟ್, ಸಾಬ್,” ಎಂದ ಇಲಿಯಾಸ.

ಹುಲಿಗೆಪ್ಪನಿಗೆ ಐವತ್ಮೂರು. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದ. ಅದಕ್ಕೂ ಮೊದಲು ಇಳಕಲ್ಲಿನಲ್ಲಿ ನೀರಿನ ಟ್ಯಾಂಕರ್ ಕಟ್ಟುತ್ತಿದ್ದ. ಕೇಳಿದ್ದು ತಿಳಿಯದೆಯೋ ಪರೀಕ್ಷಿಸಲೋ ಎಂಬಂತೆ ಇನ್‌ಸ್ಪೆಕ್ಟರನ ಮುಖ ನೋಡಿದ.

“ಗಾಳಿ,” ಎಂದ. “ಇದು ಬಿಟ್ಟಿರಬೇಕ್ರಿ. ಇಲ್ಲಂದ್ರ ಕೆಳಗ ಹನಿ ಇಳಿಯೂದಿಲ್ಲ.”

“ಎಲ್ಲಾರೂ ವೆಂಟ್ ಅಂದ್ರಲ್ರೀ ಮೇಸ್ತ್ರಿ.”

“ಅವರು ನಿನ್ನೆ ಮೊನ್ನೆ ಕಲ್ತವರು.”

ಶಿವಲಿಂಗ ಪ್ಲಾಸ್ಟಿಕ್ ಚೀಲದಿಂದ ಬಿಲ್ಲೆ ತೋರಿಸಿದ.

“ಇದರ ಅಂಚು ನೋಡ್ರಿ. ಸುತ್ತಲೂ ಕಾನಸು ಹೊಡದು ನುಣುಪು ಮಾಡ್ಯಾರ. ಹಾಳು ಮಾಡಾಕ ಇಡೂ ತಗಡಿಗೆ ಯಾರರ ಕಾನಸು ಹೊಡೀತಾರೇನು?”

ಹುಲಿಗೆಪ್ಪ ಬೆಂಚಿನ ಮೇಲಿದ್ದ ತಗಡು ಉಜ್ಜುವ ಕಾನಸನ್ನು ಕೈಗೆತ್ತಿಕೊಂಡ. ಪಂಚರ ಎದುರಿಗೆ ಅವನ ಪೆಟ್ಟಿಗೆ ತೆಗೆಸಿದರು. ತಳದಲ್ಲಿ ಅಂಗೈಯಷ್ಟು ತಗಡು, ನಡುವೆ ದುಂಡಗಿನ ತೂತು. ಬಿಲ್ಲೆ ಆ ತೂತಿನಲ್ಲಿ ಕೂತಿತು, ಕಾನಸು ತಿಂದಷ್ಟೇ ಸಡಿಲ.

“ಯಾಕ ಮಾಡ್ದಿ?” ಎಂದ ಶಿವಲಿಂಗ. ಈಗ ಬಹುವಚನ ಬಿಟ್ಟಿದ್ದ.

“ಹೆಸರು.”

“ಯಾರ ಹೆಸರು?”

“ಟಾಕಿ ಮ್ಯಾಲೆ ಹಿತ್ತಾಳಿ ಪಟ್ಟಿ ಹೊಡೀತೇವ್ರಿ, ಮಾಡಿದವನ ಹೆಸರು ಕೊರದು. ಹತ್ತೊಂಬತ್ತು ವರ್ಷ ಅಲ್ಲಿ ಹುಲಿಗೆಪ್ಪ ಅಂತ ಇತ್ತು. ಈ ಸಲ ದೇವು ಅಂತ ಕೊರದಾರ. ಕೊರಿಯೂದೂ ನನ್ನ ಕೈಯಾಗ ಕೊಟ್ರು.”

“ಅದಕ್ಕ ಕೊಲ್ಲೂದೇನು?”

“ಕೊಲ್ಲೂ ಮಾತಿಲ್ರಿ!” ಹುಲಿಗೆಪ್ಪ ಮೊದಲ ಸಲ ದನಿ ಏರಿಸಿದ. “ನೆಲದ ಮ್ಯಾಲೆ ಎಂಜಿನ್ ಚಾಲೂ ಮಾಡಿ ನೋಡತಾರ, ಅಲ್ಲೇ ಟಾಕಿ ಕುಸೀತೈತಿ, ಮಂದಿ ಎದರಿಗೆ ಅವನ ಮಾರಿ ಸಣ್ಣದಾಗತೈತಿ ಅಂತ ಮಾಡಿದ್ದೆ. ಅವರು ಪೆಟ್ರೋಲ್ ಹಾಕೂ ಮುಚ್ಚಳ ತೆಗದಿಟ್ಟ ನೋಡ್ಯಾರ, ಅಲ್ಲಿಂದ ಗಾಳಿ ಹೋಗೇತಿ, ಏನೂ ಆಗಿಲ್ಲ.”

“ಅವಾ ವಿಮಾನ ಹತ್ತತಾನ ಅಂತ ಯಾವಾಗ ತಿಳೀತು?”

“ನಿನ್ನೆ ಸಂಜಿಗೆ. ಕುಸುರೆಳ್ಳು ತಗೊಂಡು ಮನೀಗೆ ಬಂದ. ಕಾಲು ಮುಟ್ಟಿದ. ಕಾಕಾ, ನಾಳೆ ನನ್ನ ಮುಂದಿನ ಸೀಟಿನ್ಯಾಗ ಕೂಡಸತಾರ ಅಂದ. ಹತ್ತೊಂಬತ್ತು ವರ್ಷದಾಗ ನನಗ ಯಾರೂ ಬಾ, ಕೂಡು ಅಂದಿಲ್ರಿ. ನಾನೂ ಕೇಳಿಲ್ಲ.”

“ಬೆಳತನಕ ಯಾಕ ಸುಮ್ಮನಿದ್ದಿ?”

“ಹೋದ್ರ ಹೋಗವಲ್ದ್ಯಾಕ ಅಂತ ಒಂದು ಮನಸು. ಬ್ಯಾಡ ಅಂತ ಒಂದು.”

“ಕಡೀಕ ಠಾಣಾಕ್ಕ ಫೋನ್ ಮಾಡ್ದಿ. ಅವನ ಫೋನ್ ನಂಬರ್ ಇತ್ತಲ್ಲ? ಅವಗ ಹೇಳಿದ್ರ ಒಂದು ಮಾತಿಗೆ ಮುಗೀತಿತ್ತು.”

ಹುಲಿಗೆಪ್ಪ ಕೈಯಲ್ಲಿನ ಕಾನಸನ್ನು ಬೆಂಚಿನ ಮೇಲಿಟ್ಟ.

“ಏನಂತ ಹೇಳ್ಲಿ? ನಿನ್ನ ಟಾಕಿ ಚಲೋ ಐತಿ, ಕೆಡಿಸಿದಾಂವ ನಾನು ಅಂತನೇನು? ಮೊದಲಿನ ಮಾತು ಬಾಯಾಗ ಬರಲಿಲ್ರಿ.”

ಸಂಜೆ 5.20ಕ್ಕೆ ದಸ್ತಗಿರಿ. ಹೊಸ ದಂಡ ಸಂಹಿತೆಯ ಕೊಲೆಯತ್ನದ 109ನೇ ಕಲಂ ಹಚ್ಚಬೇಕೋ, ಜೀವಕ್ಕೆ ಅಪಾಯ ತಂದ 125ನೇ ಕಲಂ ಸಾಕೋ ಎಂದು ಶಿವಲಿಂಗ ಒಂದು ತಾಸು ತಲೆ ಕೆಡಿಸಿಕೊಂಡ. 7.40ರ ಫೋನ್ ಇರದಿದ್ದರೆ 109 ಖಾತ್ರಿಯಿತ್ತು. 125 ಮತ್ತು ವಸ್ತುಹಾನಿಯ 324 ಎಂದು ಬರೆದ. ಡೈರಿಯಲ್ಲಿ ಗೌಸಸಾಬನ ತರ್ಜುಮೆಯ ಕೆಳಗೆ ಹೇಳಿದ ಮಾತನ್ನು ಕನ್ನಡದಲ್ಲೇ ಬರೆಸಿದ, ಬಂದ್ ಮತ್ತು ಐತಿಯ ನಡುವೆ ಬೆರಳಗಲ ಜಾಗ ಬಿಡಿಸಿದ.

ದೇವು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಕಾಕಾನ ಮನೆಗೆ ಏನು ಹೇಳಲಿ ಎಂದು ಎರಡು ಸಲ ಒಳಗೆ ಬಂದು ಕೇಳಿದ. ಹುಲಿಗೆಪ್ಪ ಅವನ ಕಡೆ ತಿರುಗಲಿಲ್ಲ.

ಹೇಳಿಕೆ ಓದಿ ಹೇಳಿದ ಮೇಲೆ ಪಂಚನಾಮೆಯ ಫೋಟೊಗಳನ್ನು ಅವನ ಮುಂದಿಟ್ಟರು. ಟಾಕಿ, ನಳಿಕೆ, ಬಿಲ್ಲೆ, ಹಿತ್ತಾಳೆ ಪಟ್ಟಿ. ಹುಲಿಗೆಪ್ಪ ಟಾಕಿಯ ಫೋಟೊವನ್ನು ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಬೆರಳು ಬೆಸುಗೆಯ ಗೆರೆಯ ಗುಂಟ ಹೋಗಿ ಒಂದು ಮೂಲೆಯಲ್ಲಿ ನಿಂತಿತು.

“ಇಲ್ಲಿ ನೋಡ್ರಿ,” ಎಂದ. “ಈ ಮೂಲ್ಯಾಗ ಹುಡುಗನ ಬೆಸಿಗಿ ಒಂದು ಎಳಿ ದಪ್ಪ ಆಗೇತಿ.”

ಗೌಸಸಾಬ ಪೆನ್ನು ಎತ್ತಿ ಹಿಡಿದು ಇನ್‌ಸ್ಪೆಕ್ಟರನ ಕಡೆ ನೋಡಿದ.

“ಇದನ್ನೂ ಬರೀಲೇನ್ರಿ ಸಾಹೇಬ್ರ?”

“ಬರಿ,” ಎಂದ ಶಿವಲಿಂಗ. “ಅವನ ಮಾತಿನ್ಯಾಗ ಬರಿ.”