ಮಂಗಳವಾರದ ಅರವತ್ತು ನಿಮಿಷ

ಅಕ್ಟೋಬರ್ ಇಪ್ಪತ್ತು, ಸೋಮವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಗೊಥೆನ್‌ಬರ್ಗಿನ ಹೀಸಿಂಗೆನ್ ಠಾಣೆಗೆ ಒಬ್ಬ ಮುದುಕ ಬಂದು ಒಂದು ಕಾಗದವನ್ನು ಮೇಜಿನ ಮೇಲೆ ಬಡಿದ. ಹೆಸರು ಟೋರ್ನಿ ವಾಲೆಂಟೀನ್, ವಯಸ್ಸು ಎಪ್ಪತ್ತಾರು, ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು.

"ನನ್ನ ಕಾರನ್ನ ಯಾರೋ ಕದೀತಿದಾರೆ," ಎಂದ. "ಕದ್ದು ವಾಪಸ್ ತಂದಿಡ್ತಿದಾರೆ."

ಇನ್ಸ್‌ಪೆಕ್ಟರ್ ಸೀವ್ ಹಾಲ್‌ಗ್ರೆನ್ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸಾವಿರಾರು ಕಾರುಗಳ್ಳತನದ ದೂರು ಬರೆದುಕೊಂಡವಳು. ವಾಪಸ್ ತಂದಿಡುವ ಕಳ್ಳ ಅವಳಿಗೆ ಇದೇ ಮೊದಲು. ಪೆನ್ನಿನ ಮುಚ್ಚಳ ತೆಗೆದು ಕುರ್ಚಿ ತೋರಿಸಿದಳು.

ಕಾಗದ ಸೆಪ್ಟೆಂಬರ್ ತಿಂಗಳ ನಗರ ಸುಂಕದ ಬಿಲ್ಲು, ಭೂತಗನ್ನಡಿ ಹಿಡಿದು ಓದಿದ್ದನಂತೆ. ಹೊಳೆ ದಾಟಿ ಊರೊಳಗೆ ಹೋಗುವ ಗಾಡಿಗಳ ನಂಬರನ್ನು ಸೇತುವೆಯ ಮೇಲಿನ ಕ್ಯಾಮೆರಾ ಹಿಡಿದುಕೊಳ್ಳುತ್ತದೆ. ನಂಬರ್ ಬರುತ್ತದೆ, ಓಡಿಸುವವರ ಮುಖ ಬರುವುದಿಲ್ಲ. ತಿಂಗಳ ಐದೂ ಮಂಗಳವಾರ ಟೋರ್ನಿಯ ಕಾರು ಬೆಳಿಗ್ಗೆ ಒಂಬತ್ತು ಮೂವತ್ತೆಂಟಕ್ಕೆ ದಕ್ಷಿಣಕ್ಕೆ ಹೋಗಿದೆ, ಹತ್ತು ಇಪ್ಪತ್ತಾರಕ್ಕೆ ವಾಪಸ್ ಬಂದಿದೆ. ಒಂದೆರಡು ನಿಮಿಷ ಆಚೀಚೆ, ಅಷ್ಟೇ. ಇಪ್ಪತ್ತಮೂರನೇ ತಾರೀಖು ಮಾತ್ರ ವಾಪಸ್ ಬಂದದ್ದು ಹತ್ತು ಐವತ್ತೆರಡಕ್ಕೆ.

"ಆ ಹೊತ್ತಿಗೆ ನೀವೆಲ್ಲಿ ಇರ್ತೀರಿ?"

"ಮನೇಲಿ. ಮಂಗಳವಾರ ಒಂಬತ್ತೂವರೆಯಿಂದ ಹನ್ನೊಂದರ ತನಕ ರೇಡಿಯೋದಲ್ಲಿ ನಾವಿಕರ ಕತೆ ಬರುತ್ತೆ. ಆಗ ಮನೆಗೆ ಬೆಂಕಿ ಬಿದ್ರೂ ನಾನು ಏಳಲ್ಲ."

"ಕೀ?"

"ಒಂದು ಜೇಬಲ್ಲಿ. ಇನ್ನೊಂದು ಅಡುಗೆಮನೆ ಡ್ರಾಯರಲ್ಲಿ."

"ಹೆಂಡತಿ ಓಡಿಸ್ತಾರಾ?"

ಟೋರ್ನಿ ಗಹಗಹಿಸಿ ನಕ್ಕ. "ಮಾಯ್‌ಬ್ರಿಟ್? ಮೂವತ್ತೊಂದು ವರ್ಷದ ಹಿಂದೆ ಗೇಟಿನ ಕಂಬಕ್ಕೆ ಬಾಗಿಲು ಉಜ್ಜಿದ್ಲು. ಅವತ್ತು ಕೀ ಈಸ್ಕೊಂಡೆ ನೋಡಮ್ಮ, ಆಮೇಲೆ ಅವಳು ಕೇಳೂ ಇಲ್ಲ, ನಾನು ಕೊಟ್ಟೂ ಇಲ್ಲ."

"ಪೆಟ್ರೋಲ್ ಕಮ್ಮಿ ಆಗಿತ್ತಾ?"

"ಅದೇ ಅರ್ಥ ಆಗ್ತಿಲ್ಲ. ಜಾಸ್ತಿ ಆಗಿದೆ!"

ಪಕ್ಕದ ಮೇಜಿನ ಕಾನ್‌ಸ್ಟೆಬಲ್ ಆಯ್ದಿನ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡ. ಟೋರ್ನಿಗೆ ಸಿಟ್ಟು ಬಂತು. "ನಗು, ನಗು. ಯಾರೇ ಆಗಿರಲಿ, ಬೇಡಿ ಹಾಕಿ ನನ್ನ ಮುಂದೆ ತಂದು ನಿಲ್ಸಬೇಕು. ಅದೂ ಬೇಗ. ನವೆಂಬರ್ ನಾಲ್ಕಕ್ಕೆ ನನಗೆ ಆ ಕಾರು ಬೇಕು."

"ನಾಲ್ಕಕ್ಕೆ ಏನು?"

"ಮೋಲ್ನ್‌ಡಾಲ್ ಆಸ್ಪತ್ರೇಲಿ ಕಣ್ಣಿನ ಪೊರೆ ತೆಗೀತಾರಂತೆ. ಟ್ಯಾಕ್ಸೀಲಿ ಬಾ, ಆಸ್ಪತ್ರೆ ವ್ಯಾನಲ್ಲಿ ಬಾ ಅಂತಾರೆ. ನಾನೇನು ಪಾರ್ಸೆಲ್ಲಾ? ಎರಡು ಸಲ ಆಗಲ್ಲ ಅಂತ ಬರೆದು ಕಳಿಸಿದೆ. ಮೂರನೇ ಸಲವೂ ತಪ್ಪಿಸಿದ್ರೆ ಹೆಸರು ತೆಗೀತೀವಿ ಅಂದಿದಾರೆ. ನನ್ನ ಕಾರಲ್ಲಿ ನಾನೇ ಓಡಿಸ್ಕೊಂಡು ಹೋಗ್ತೀನಿ, ಇಲ್ಲಾಂದ್ರೆ ಹೋಗೋದೇ ಇಲ್ಲ."

ದೂರಿನ ಕೆಳಗೆ ಸಹಿ ಹಾಕುವಾಗ ಅವನು ಕಾಗದವನ್ನು ಮೂಗಿನ ಹತ್ತಿರ ಹಿಡಿದ. ಆದರೂ ಸಹಿ ಗೆರೆಯಿಂದ ಎರಡು ಬೆರಳು ಕೆಳಗೆ ಬಿತ್ತು. ಸೀವ್ ಅದನ್ನು ನೋಡಿದಳು. ಅನುಮತಿಯಿಲ್ಲದೆ ವಾಹನ ಬಳಕೆ ಎಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಮನೆಯ ಹಿಂದಿನ ಅಂಗಳದಲ್ಲಿ ಕಾರಿನ ಪಂಚನಾಮೆ. ಬೀಗ ಮುರಿದಿಲ್ಲ. ಸೀಟು, ಕನ್ನಡಿ ಎಲ್ಲ ಟೋರ್ನಿ ಇಟ್ಟ ಹಾಗೆಯೇ ಇವೆ. ಟೋರ್ನಿ ಸ್ಟಿಯರಿಂಗ್ ಮುಂದೆ ಕೂತಿದ್ದ. ಪಕ್ಕದಿಂದ ಆಯ್ದಿನ್ ಕೈಚಾಚಿ ಅವನ ತಲೆಯ ಮೇಲಿನ ಬಿಸಿಲುಪಟ್ಟಿಯನ್ನು ಕೆಳಗಿಳಿಸಿದ. ಅದಕ್ಕೆ ಕೆಂಪು ಬಣ್ಣದ ಬಟ್ಟೆ ಕ್ಲಿಪ್ಪೊಂದು ಸಿಕ್ಕಿಸಿತ್ತು.

"ಇದು ನಿಮ್ಮದಾ?" ಸೀವ್ ಕೇಳಿದಳು.

"ಯಾವುದು?"

ಕ್ಲಿಪ್ಪು ಅವನ ಹಣೆಯಿಂದ ಒಂದು ಗೇಣು ದೂರದಲ್ಲಿತ್ತು. ಸೀವ್ ಅವನ ಕಣ್ಣುಗಳನ್ನು ನೋಡಿದಳು. ಇವನು ನಾಲ್ಕನೇ ತಾರೀಖು ಹನ್ನೆರಡು ಕಿಲೋಮೀಟರ್ ಓಡಿಸಿಕೊಂಡು ಹೋಗುತ್ತಾನಂತೆ!

"ಏನಿಲ್ಲ ಬಿಡಿ," ಎಂದಳು. "ಈ ಕಾರು ಈಗ ಪ್ರಕರಣದ ಸಾಕ್ಷಿ. ನಾನು ಹೇಳೋ ತನಕ ನೀವು ಓಡಿಸೋ ಹಾಗಿಲ್ಲ. ಬೆರಳಚ್ಚು ಅಳಿಸಿಹೋಗುತ್ತೆ. ಓಡಿಸಿದ್ರೆ ನಿಮ್ಮ ಮೇಲೇ ಕೇಸು." ಕ್ಲಿಪ್ಪನ್ನು ಅಲ್ಲೇ ಬಿಡಲು ಆಯ್ದಿನ್‌ಗೆ ಕಣ್ಸನ್ನೆ ಮಾಡಿದಳು.

ಮೇಲೆ ಮಾಯ್‌ಬ್ರಿಟ್ ಕಾಫಿ ಕಾಯಿಸಿದ್ದಳು. ಎಪ್ಪತ್ತೆರಡರ ಗಿಡ್ಡ ಹೆಂಗಸು, ಒಂದು ನಿಮಿಷ ಕೂತಲ್ಲಿ ಕೂರುವವಳಲ್ಲ. ಮಂಗಳವಾರದ ಬಗ್ಗೆ ಕೇಳಿದ್ದಕ್ಕೆ, "ಕಟ್ಟಡದವರಿಗೆಲ್ಲ ಸೇರಿ ಇರೋ ಮೆಷಿನ್‌ನಲ್ಲಿ ಒಂಬತ್ತರಿಂದ ಹನ್ನೊಂದು ನಂದು ಬಟ್ಟೆ ಒಗೆಯೋ ಪಾಳಿ. ನೆಲಮಾಳಿಗೇಲಿರ್ತೀನಿ. ಏಲಕ್ಕಿ ಬನ್ನು ಇನ್ನೊಂದು ತಗೊಳ್ಳಪ್ಪ," ಎಂದು ಆಯ್ದಿನ್‌ನ ತಟ್ಟೆಗೆ ಹಾಕಿದಳು. ಅವನು ಬೇಡ ಅನ್ನಲಿಲ್ಲ.

ಮಂಗಳವಾರ, ಇಪ್ಪತ್ತೊಂದು. ಎಂಟೂವರೆಯಿಂದ ಆಯ್ದಿನ್ ಅಂಗಳದ ಮೂಲೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಕಾರು ಅಲುಗಲಿಲ್ಲ. ಮಾಯ್‌ಬ್ರಿಟ್ ಬುಟ್ಟಿ ಹಿಡಿದು ನೆಲಮಾಳಿಗೆಗೆ ಎರಡು ಸಲ ಇಳಿದಳು, ಎರಡು ಸಲ ಹತ್ತಿದಳು. ಹನ್ನೊಂದಕ್ಕೆ ಮುಂದಿನ ಪಾಳಿಯ ನೆರೆಮನೆಯವ ಏಸ್ಕಿಲ್ ಬಂದ. ಇಡೀ ಕಟ್ಟಡದ ಶಿಸ್ತು ತನ್ನ ಹೆಗಲ ಮೇಲಿದೆ ಎಂದು ನಂಬಿದ್ದ ಮನುಷ್ಯ. ಆಯ್ದಿನ್ ಅವನ ಹಿಂದೆಯೇ ಕೆಳಗಿಳಿದ.

ಬಟ್ಟೆ ಒಗೆಯುವ ಕೋಣೆಯ ಗೋಡೆಯ ತುಂಬ ಏಸ್ಕಿಲ್ ಬರೆದಂಟಿಸಿದ ಚೀಟಿಗಳು. ನೊರೆ ಒರೆಸಿ. ಮಕ್ಕಳನ್ನು ಮೆಷಿನ್ ಮೇಲೆ ಕೂರಿಸಬೇಡಿ. ಒಂದು ಚೀಟಿಯ ಮುಂದೆ ಆಯ್ದಿನ್ ನಿಂತುಬಿಟ್ಟ: "ಸೆಪ್ಟೆಂಬರ್ 23, ಮಂಗಳವಾರ, 11.05. ಎರಡನೇ ಮೆಷಿನ್‌ನಲ್ಲಿ ಯಾರದ್ದೋ ಒದ್ದೆ ಹಾಸಿಗೆ ಬಟ್ಟೆ ಹಾಗೇ ಬಿದ್ದಿದೆ. ನಾಚಿಕೆಯಾಗಬೇಕು!"

"ಯಾರ ಬಟ್ಟೆ ಇದು?"

"ಹೆಸರು ಬರೆಯಲ್ಲ ನಾನು. ಮರ್ಯಾದಸ್ಥ," ಎಂದ ಏಸ್ಕಿಲ್. ಆಮೇಲೆ ತಡೆಯಲಾಗದೆ ಸೇರಿಸಿದ, "ನೀಲಿ ಹೂವಿಂದು. ಮಾಯ್‌ಬ್ರಿಟ್‌ದು. ಮೂವತ್ತು ವರ್ಷದಲ್ಲಿ ಒಂದು ದಿನ ಲೇಟಾಗಿರಲಿಲ್ಲ. ಚೀಟಿ ಅಂಟಿಸ್ತಿದ್ದ ಹಾಗೇ ಕೋಟು ಹಾಕ್ಕೊಂಡು ಓಡಿಬಂದ್ಲು. ನೆಲಮಾಳಿಗೆಗೆ ಬರೋಕೆ ಕೋಟು ಯಾಕೆ ಬೇಕು ಹೇಳಿ?"

ಆಯ್ದಿನ್ ಠಾಣೆಗೆ ಬಂದವನೇ ಹಡಗು ಬಂದಾಗ ಮೇಲಕ್ಕೆತ್ತುವ ಆ ಸೇತುವೆಯ ಕಚೇರಿಗೆ ಫೋನ್ ಮಾಡಿದ. ಸೆಪ್ಟೆಂಬರ್ ಇಪ್ಪತ್ತಮೂರು, ಹತ್ತು ಇಪ್ಪತ್ತೆರಡಕ್ಕೆ ಹಡಗಿಗಾಗಿ ಸೇತುವೆ ಎತ್ತಿದ್ದರು. ಗಾಡಿಗಳ ಸಾಲು ಕರಗಲು ಅರ್ಧ ಗಂಟೆ ಹಿಡಿದಿತ್ತು.

"ಬಿಲ್ಲು ಇನ್ನೊಮ್ಮೆ ನೋಡು ಸೀವ್," ಎಂದ. "ಅವತ್ತು ಬಿಟ್ಟು ಬೇರೆಲ್ಲ ದಿನ ಒಂದೇ ಸುಂಕ. ಅರವತ್ತು ನಿಮಿಷದೊಳಗೆ ವಾಪಸ್ ದಾಟಿದ್ರೆ ಎರಡನೇದು ಹಾಕಲ್ವಲ್ಲ. ನಮ್ಮಮ್ಮನೂ ಮಾರ್ಕೆಟ್ಟಿಗೆ ಹಾಗೇ ಓಡಿಹೋಗಿ ಓಡಿಬರ್ತಾಳೆ. ನಮ್ಮ ಕಳ್ಳರಿಗೂ ಗಡಿಯಾರದ ಮೇಲೆ ಕಣ್ಣಿದೆ. ಮೆಷಿನ್ ಬಟ್ಟೆ ಒಗೆಯೋಕೂ ಸರಿಯಾಗಿ ಒಂದು ಗಂಟೆ."

ಸೀವ್ ಗೋಡೆಯ ನಕ್ಷೆಯ ಮುಂದೆ ನಿಂತಳು. ಸೇತುವೆಯಿಂದ ಸೇತುವೆಗೆ ನಲವತ್ತೆಂಟು ನಿಮಿಷ. ಹೋಗಲು ಇಪ್ಪತ್ತು ಎಂದಿಟ್ಟುಕೊಂಡರೆ, ಬರಲು ಇಪ್ಪತ್ತು, ನಡುವೆ ಎಂಟು. ಬೆರಳು ದಕ್ಷಿಣಕ್ಕೆ ಇಪ್ಪತ್ತು ನಿಮಿಷ ಜಾರಿ ಮೋಲ್ನ್‌ಡಾಲ್‌ನ ಮೇಲೆ ನಿಂತಿತು.

"ಹಿಡಿದು ತರಲಾ?"

"ಬೇಡ. ಮುಂದಿನ ಮಂಗಳವಾರ ಹಿಂದೆಯೇ ಹೋಗೋಣ. ಎಂಟು ನಿಮಿಷ ಅಲ್ಲಿ ಏನು ಮಾಡ್ತಾಳೆ ನೋಡಬೇಕು."

ಅಕ್ಟೋಬರ್ ಇಪ್ಪತ್ತೆಂಟು, ಒಂಬತ್ತೂವರೆ. ನೆಲಮಾಳಿಗೆಯ ಬಾಗಿಲು ತೆರೆಯಿತು. ಕೋಟು, ಉಣ್ಣೆ ಟೋಪಿ, ಕಂಕುಳಲ್ಲಿ ಸೋಫಾ ದಿಂಬು. ಮಾಯ್‌ಬ್ರಿಟ್ ದಿಂಬನ್ನು ಸೀಟಿಗೆ ಹಾಕಿ ಕೂತಳು, ಜೇಬಿನಿಂದ ಚೀಟಿ ತೆಗೆದು ಬಿಸಿಲುಪಟ್ಟಿಯ ಕ್ಲಿಪ್ಪಿಗೆ ಸಿಕ್ಕಿಸಿದಳು, ಮೂರೂ ಕನ್ನಡಿ ನೋಡಿದಳು, ಹೊರಟಳು. ಹಿಂದೆ ಇನ್ನೊಂದು ಕಾರಿನಲ್ಲಿ ಸೀವ್ ಮತ್ತು ಆಯ್ದಿನ್.

"ಇದಕ್ಕಿಂತ ನಡ್ಕೊಂಡು ಹೋದ್ರೆ ಬೇಗ ಮುಟ್ತೀವಿ," ಆಯ್ದಿನ್ ಗೊಣಗಿದ. ನೂರು ಮೀಟರ್ ಮೊದಲೇ ಅವಳ ಇಂಡಿಕೇಟರ್ ಮಿಣುಕುತ್ತಿತ್ತು. ಹಳದಿ ದೀಪಕ್ಕೇ ನಿಲ್ಲುತ್ತಿದ್ದಳು. ಹೊಳೆಯ ಕೆಳಗಿನ ಸುರಂಗ ಬಿಟ್ಟು ಸೇತುವೆ ಹಿಡಿದಳು, ಹೆದ್ದಾರಿ ಬಿಟ್ಟು ಒಳದಾರಿ ಹಿಡಿದಳು. ಆದರೆ ಎಲ್ಲೂ ತಪ್ಪಲಿಲ್ಲ. ಒಂಬತ್ತು ಐವತ್ತೆಂಟಕ್ಕೆ ಆಸ್ಪತ್ರೆಯ ಅಂಗಳ. ಅಲ್ಲಿ ಎರಡು ಕಾರುಗಳ ನಡುವೆ ರಿವರ್ಸ್ ಹಾಕಲು ಹೋಗಿ ಸೊಟ್ಟಗಾಯಿತು. ಹೊರಗೆ ತೆಗೆದು ಮತ್ತೆ ಹಾಕಿದಳು. ಮೂರನೇ ಸಲ ನೆಟ್ಟಗೆ ಕೂತಿತು. ಇಳಿದು ಕಣ್ಣಿನ ವಿಭಾಗದ ಬಾಗಿಲ ತನಕ ಹೆಜ್ಜೆ ಎಣಿಸುತ್ತ ನಡೆದಳು, ಮುಟ್ಟಿ, ಗಡಿಯಾರ ನೋಡಿ ತಿರುಗಿದಳು.

ಕಾರಿನ ಪಕ್ಕ ಸೀವ್ ನಿಂತಿದ್ದಳು.

"ಮಾಯ್‌ಬ್ರಿಟ್ ವಾಲೆಂಟೀನ್, ಅನುಮತಿಯಿಲ್ಲದೆ ವಾಹನ ಬಳಸಿದ ಆರೋಪದ ಮೇಲೆ ನಿಮ್ಮನ್ನ ವಶಕ್ಕೆ ತಗೊಳ್ತಿದೀನಿ."

ಮಾಯ್‌ಬ್ರಿಟ್ ಕೆಂಪಾದಳು. "ಆಗಲಮ್ಮ. ಆದ್ರೆ ಹತ್ತು ಮೂವತ್ತೆಂಟರೊಳಗೆ ಸೇತುವೆ ದಾಟಬೇಕು, ಮೆಷಿನ್ ಬೇರೆ ನಿಲ್ಲುತ್ತೆ. ಏನು ಕೇಳೋದಿದ್ರೂ ದಾರೀಲಿ ಕೇಳು."

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಸೀವ್ ಆರೋಪಿ ಓಡಿಸುವ ಕಾರಿನಲ್ಲಿ ಕೂತು ವಿಚಾರಣೆ ನಡೆಸಿದಳು.

"ಲೈಸೆನ್ಸ್?"

"ಎಪ್ಪತ್ನಾಲ್ಕರದ್ದು. ಹತ್ತು ವರ್ಷಕ್ಕೊಂದ್ಸಲ ಹೊಸದು ಮಾಡ್ಸಿದೀನಿ. ಪರ್ಸಲ್ಲಿದೆ."

"ಯಾವಾಗಿಂದ ಈ ಓಡಾಟ?"

"ಆಗಸ್ಟಿಂದ. ಮೊದಲು ಅಂಗಳ, ಆಮೇಲೆ ಸೇತುವೆ, ಆಮೇಲೆ ಇಲ್ಲಿ ತನಕ."

"ಪೊಲೀಸ್ ಬಂದುಹೋದ್ರು ಅಂತ ಗೊತ್ತಿದ್ದೂ ಇವತ್ತು ಬಂದಿರಿ."

"ಹೆದರಿಕೊಂಡು ಹೋದ ವಾರ ಬಿಟ್ಟೆ. ಆದ್ರೆ ರಿವರ್ಸ್ ಬರ್ತಿರಲಿಲ್ಲ. ನಾಲ್ಕನೇ ತಾರೀಖಿಗೆ ಮುಂಚೆ ಉಳಿದಿದ್ದು ಇದೊಂದೇ ಮಂಗಳವಾರ." ಬಸ್ಸೊಂದು ಮುಂದೆ ನುಗ್ಗಿತು. ಅವಳು ಬೈಯದೆ ಜಾಗ ಬಿಟ್ಟಳು. "ಅವನಿಗೆ ಕಾಣಲ್ಲ. ನನ್ನ ಮುಖಾನೂ ಕಾಣಲ್ಲ, ದನಿ ಕೇಳಿ ತಿರುಗ್ತಾನೆ. ಟ್ಯಾಕ್ಸಿ ಹತ್ತಲ್ಲ. ತಾನೇ ಓಡಿಸ್ತೀನಿ ಅಂದ್ರೆ ಯಾರ ಮಗೂನೋ ಗುದ್ದುತ್ತಾನೆ. ನಾನೇ ಓಡಿಸಬೇಕು. ಅವನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಂಬಕ್ಕೆ ಉಜ್ಜಿದ್ರೆ ಮುಗೀತು, ಮತ್ತೆ ಜನ್ಮದಲ್ಲಿ ಹತ್ತಲ್ಲ. ಅದಕ್ಕೇ ಪೂರ್ತಿ ಕಲಿಯೋ ತನಕ ಹೇಳೋದು ಬೇಡ ಅಂತ..."

ಹತ್ತು ಇಪ್ಪತ್ತೇಳಕ್ಕೆ ಕಾರು ಸೇತುವೆ ದಾಟಿತು. ಮನೆ ಮುಟ್ಟುವ ಹೊತ್ತಿಗೆ ಮೆಷಿನ್ ಆಗಷ್ಟೇ ನಿಂತಿತ್ತು.

ಮೇಲೆ ನಾವಿಕರ ಕತೆ ನಡೆಯುತ್ತಿತ್ತು. ಸೀವ್ ತಾನೇ ರೇಡಿಯೋ ಆರಿಸಿದಳು.

"ಆರೋಪಿ ಸಿಕ್ಕಿದಾರೆ."

"ಭೇಷ್! ಬೇಡಿ ಹಾಕಿದ್ಯಾ? ಎಲ್ಲಿ ಅವನು?"

"ನಿಮ್ಮ ಮುಂದೆಯೇ ಇದೀನಿ ಟೋರ್ನಿ," ಎಂದಳು ಮಾಯ್‌ಬ್ರಿಟ್. ಅವನು ದನಿ ಬಂದ ಕಡೆಗೆ ತಿರುಗಿದ.

ಅವಳು ಎಲ್ಲ ಹೇಳಿದಳು. ಆಯ್ದಿನ್ ಬಾಗಿಲ ಹತ್ತಿರ ನಿಂತು ಕೇಳಿದ. ಟೋರ್ನಿ ಕೇಳಿದ್ದು ಒಂದೇ.

"ಸುರಂಗದಲ್ಲಿ ಹೋದ್ಯಾ, ಸೇತುವೇಲಾ?"

"ಸೇತುವೆ."

"ಸುರಂಗದಲ್ಲಿ ಆರು ನಿಮಿಷ ಉಳಿಯುತ್ತೆ."

"ಸುರಂಗದಲ್ಲಿ ಲಾರಿಗಳು ಮೈಮೇಲೆ ಬರ್ತವೆ. ಹನ್ನೆರಡು ನಿಮಿಷ ಜಾಸ್ತಿ ಇಟ್ಕೊಂಡಿದೀನಿ. ನೋಡು, ಎಲ್ಲ ಬರ್ಕೊಂಡಿದೀನಿ." ಚೀಟಿಯನ್ನು ಅವನ ಕೈಗಿತ್ತಳು.

ಟೋರ್ನಿ ಅದನ್ನು ಮೂಗಿನ ಹತ್ತಿರ ಹಿಡಿದ, ದೂರ ಹಿಡಿದ, ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ವಾಪಸ್ ಕೊಟ್ಟ.

"ನೀನೇ ಓದು," ಎಂದ. "ನನಗೆ ಕಾಣಿಸ್ತಿಲ್ಲ."

ಇಷ್ಟು ದಿನ ಆ ಮಾತನ್ನು ಅವನು ಬಾಯಿಬಿಟ್ಟು ಆಡಿರಲಿಲ್ಲ.

"ಒಂಬತ್ತೂವರೆ, ಮನೆ. ಒಂಬತ್ತು ಮೂವತ್ತೆಂಟು, ಸೇತುವೆ, ಸುಂಕ ಒಂಬತ್ತು ಕ್ರೋನ, ಎಂಟೂವರೆಗೆ ಮುಂಚೆ ಆದ್ರೆ ಜಾಸ್ತಿ. ಒಂಬತ್ತು ಐವತ್ತೆಂಟು, ಆಸ್ಪತ್ರೆ. ಬಾಗಿಲ ತನಕ ನೂರಾ ನಲವತ್ತು ಹೆಜ್ಜೆ, ಟೋರ್ನಿಯ ಎಡಗೈ ಹಿಡಿದುಕೊಳ್ಳುವುದು. ಹತ್ತು ಹತ್ತು, ಆಪರೇಷನ್. ಮುಗಿದ ಮೇಲೆ ಕಾಫಿ, ಎರಡು ಬನ್ನು. ವಾಪಸ್ ಬರುವಾಗ ಅರವತ್ತು ನಿಮಿಷ ಮೀರುತ್ತೆ, ಮೀರಲಿ."

ಹತ್ತಿರದ ಸಂಬಂಧದಲ್ಲಿ ನಡೆದ ಇಂಥ ಪ್ರಕರಣ ದೂರುದಾರ ಬೇಡವೆಂದರೆ ಅಲ್ಲಿಗೇ ನಿಲ್ಲುತ್ತದೆ. ಸೀವ್ ಕಾಗದ ಮುಂದಿಟ್ಟಳು. ಮಾಯ್‌ಬ್ರಿಟ್ ಬೆರಳಿಟ್ಟು ಗೆರೆ ತೋರಿಸಿದಳು, ಟೋರ್ನಿ ಆ ಬೆರಳಿನ ಪಕ್ಕಕ್ಕೆ ಸಹಿ ಹಾಕಿದ. ಆಮೇಲೆ ಜೇಬಿನಿಂದ ಕಾರಿನ ಕೀ ತೆಗೆದು ಕಾಗದದ ಮೇಲಿಟ್ಟ.

"ಡಾಕ್ಟರು ಬರೆದುಕೊಡೋ ತನಕ ಇದನ್ನ ಮುಟ್ಟಲ್ಲ. ಸರೀನಾ?" ಎಂದ ಸೀವ್ ಕಡೆಗೆ. ಅವಳು ಹೇಳಬೇಕೆಂದಿದ್ದದ್ದೂ ಅದನ್ನೇ. ಆಯ್ದಿನ್‌ಗೆ ಅವತ್ತೂ ಎರಡು ಬನ್ನು ಸಿಕ್ಕಿತು.

ಕಡತದ ಕೊನೆಯ ಪುಟದಲ್ಲಿ ಕಾರಣ ಎಂಬ ಕಡೆ ಸೀವ್ ಬರೆದಳು: ಆರೋಪಿಗೆ ಗಂಡನ ಕಣ್ಣು ಬೇಕಿತ್ತು, ಅವನ ಮರ್ಯಾದೆಯೂ ಬೇಕಿತ್ತು. ಮೇಲಧಿಕಾರಿ ಇದನ್ನು ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಹೊಡೆದುಹಾಕಲಿಲ್ಲ.

ನವೆಂಬರ್ ಆರು, ಗುರುವಾರ, ಒಂಬತ್ತು ಹತ್ತಕ್ಕೆ ಠಾಣೆಯ ಫೋನ್ ರಿಂಗಾಯಿತು.

"ನೋಡಮ್ಮ, ಟೋರ್ನಿ ಮಾತಾಡ್ತಿರೋದು. ನಿಮ್ಮ ಪಂಚನಾಮೆ ಸರಿಯಿಲ್ಲ. ನನ್ನ ಕಾರಲ್ಲಿ ಬಿಸಿಲುಪಟ್ಟಿಗೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ, ನೀವು ಯಾರೂ ನೋಡೇ ಇಲ್ಲ."

"ಹೌದಾ? ಯಾವ ಬಣ್ಣ?"

ಆ ಕಡೆ ಕಾರಿನಲ್ಲಿ ಮಾಯ್‌ಬ್ರಿಟ್ "ಮೊದಲು ನೀನೇ ಹೋಗಪ್ಪ" ಎಂದು ಯಾರಿಗೋ ದಾರಿ ಬಿಡುತ್ತಿದ್ದಳು, ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು.

"ಕೆಂಪು," ಎಂದ ಟೋರ್ನಿ. "ಎಷ್ಟು ಕೆಂಪಿದೆ ಅಂತೀಯ!"