ಒಂದು ಚಾಪಾನಿಗೆ ಬಿದ್ದ ಖರ್ಚು

ಮಾಂಸ ಹಂಚುವಾಗ ಮರ್ಯಾದೆಯ ಪಾಲಾದ ಸೊಂಟದ ಮೂಳೆ ಮಿರ್ಲಾನ್‌ನ ತಟ್ಟೆಗೆ ಬಿತ್ತು. ಬುರುಲ್‌ಳ ತಟ್ಟೆಗೆ ಪಕ್ಕೆಲುಬಿನ ತುದಿ. ತನ್ನ ಅಂಗಡಿಯ ಪೇಜಿಗೆ ಲಕ್ಷ ಜನ ಹಿಂಬಾಲಕರಾದರೆಂದು ಜೂರಾ ಎಜೆ ರಾಜಧಾನಿ ಬಿಷ್ಕೆಕ್‌ನ ಮನೆಯಲ್ಲಿ ಕುರಿ ಕಡಿಸಿದ ದಿನ ಅದು. ಎಜೆ ಎಂದರೆ ಅಕ್ಕ, ಹಿರಿಯ ಹೆಂಗಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ. ಆ ಲಕ್ಷ ಜನರನ್ನು ಫೋನಿನೊಳಗಿಂದ ಒಬ್ಬೊಬ್ಬರಾಗಿ ಎಳೆದು ತಂದವಳು ಬುರುಲ್. ಮಿರ್ಲಾನ್ ಎಜೆಯ ತಂಗಿಯ ಮಗ, ದೊಡ್ಡಮ್ಮನಾದ ಅವಳನ್ನು ತಾಯೆಜೆ ಎನ್ನುವವನು. ಅವನು ತಂದದ್ದು ಆ ದಿನದ ಕುರಿಯನ್ನು ಮಾತ್ರ, ಅದೂ ಎಜೆಯ ಕಾರಿನಲ್ಲಿ.

"ಬಾಗಿಲ ಹತ್ರಾನೇ ಕೂತ್ಕೋ ಬುರುಲ್, ಚಹಾ ಬಗ್ಗಿಸೋಕೆ ಸಲೀಸು," ಎಂದಳು ಎಜೆ.

"ಪಾಪ, ಆ ಬೆರಳಿಗೆ ಫೋನ್ ಒತ್ತಿ ಒತ್ತಿ ಸಾಕಾಗಿದೆ ತಾಯೆಜೆ. ಕೆಟಲ್ ಹಿಡಿದ್ರೆ ಒಂದಿಷ್ಟು ವ್ಯಾಯಾಮ," ಎಂದ ಮಿರ್ಲಾನ್. ಎಲ್ಲರೂ ನಕ್ಕರು.

ಊಟ ಮುಗಿದು ಕೈ ಎತ್ತಿ ಪ್ರಾರ್ಥಿಸುವ ಮೊದಲು ಎಜೆ ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ಅಂಗಡಿಯ ಲಾಭದಲ್ಲಿ ಮೂರನೇ ಒಂದು ಪಾಲು ಮಿರ್ಲಾನ್‌ನದು ಎಂದು ಸಾರಿದಳು. ಅದೇ ಪಾಲನ್ನು ಅಂಗಡಿ ಇನ್ನೂ ಒಂದು ಕೋಣೆಯಲ್ಲಿದ್ದ ಕಾಲದಲ್ಲಿ ಅವಳು ಬುರುಲ್‌ಗೆ ಬಾಯಿಮಾತಿನಲ್ಲಿ ಕೊಟ್ಟಿದ್ದಳು. ಬುರುಲ್ ಅವಳ ಮುಖವನ್ನೇ ನೋಡಿದಳು.

"ಏನು ಹಾಗ್ ನೋಡ್ತೀಯಾ ಮಗಳೇ? ನಿಂಗೆ ಸಂಬಳ ಇದೆಯಲ್ಲ. ಲಾಭ ಅಂದ್ರೆ ತಲೆನೋವು, ಸಂಬಳಕ್ಕೆ ಅದೂ ಇಲ್ಲ."

ಬುರುಲ್ ನಕ್ಕಳು. ಮಿರ್ಲಾನ್‌ನ ಬಟ್ಟಲಿಗೆ ಅಂಚಿನವರೆಗೂ ಚಹಾ ತುಂಬಿಸಿಕೊಟ್ಟಳು. ಅತಿಥಿಗೆ ಬಟ್ಟಲು ತುಂಬಿಸುವುದೆಂದರೆ ಕುಡಿದು ಎದ್ದು ಹೋಗು ಎಂದು ಹೇಳಿದ ಹಾಗೆ. ಅವನಿಗೆ ಅದೂ ತಿಳಿಯಲಿಲ್ಲ, ಸುರ್ರೆಂದು ಹೀರಿದ.

ಎಜೆ ಹೊಲಿಸಿ ಮಾರುತ್ತಿದ್ದದ್ದು ಚಾಪಾನ್, ಮಂಡಿಯ ಕೆಳಗಿನವರೆಗೆ ಬರುವ ಕಸೂತಿಯ ನಿಲುವಂಗಿ. ಬುರುಲ್‌ಳ ಕೆಲಸ ಅದರ ಜಾಹೀರಾತು. ಪ್ರತಿ ಸೋಮವಾರ ಎಜೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಒಂದು ಚಾಪಾನ್ ಮಾರೋಕೆ ನಿನ್ನ ಫೋನು ಎಷ್ಟು ತಿಂತು?" ಜಾಹೀರಾತಿಗೆ ಸುರಿದ ಹಣವನ್ನು ಮಾರಾಟವಾದ ಅಂಗಿಗಳಿಂದ ಭಾಗಿಸಿದರೆ ಬರುವ ಅಂಕಿ ಅದು. ಉಳಿದದ್ದೆಲ್ಲ, ಹೃದಯದ ಗುರುತು, ಹೊಗಳಿಕೆ, ಹಿಂಬಾಲಕರು, ಎಜೆಯ ಲೆಕ್ಕದಲ್ಲಿ ಗಾಳಿ. ಇಡೀ ಅಂಗಡಿ ನಿಂತದ್ದು ಆ ಒಂದು ಅಂಕಿಯ ಮೇಲೆ. ಆ ಅಂಕಿ ಬುರುಲ್‌ಳ ಬಾಯಿಂದಲೇ ಬರಬೇಕು. ಇಂಥ ಬಾಯಿಯನ್ನು ಬಾಗಿಲ ಹತ್ತಿರ ಕೂರಿಸಬಾರದಿತ್ತು.

ಅವಳ ಯೋಜನೆಯಲ್ಲಿ ಹಣ ಕದಿಯುವ ಮಾತಿರಲಿಲ್ಲ. ಹಣ ಕದ್ದವರು ಸಿಕ್ಕಿಬೀಳುತ್ತಾರೆ. ಅವಳು ಕದಿಯಬೇಕೆಂದಿದ್ದದ್ದು ಪೇಜನ್ನೇ, ಅದೂ ಎಜೆ ತಾನಾಗಿ ಕೈಯೆತ್ತಿ ಕೊಡುವ ಹಾಗೆ. ಜಾಹೀರಾತಿನ ಖರ್ಚು ಒಂದು ಅಂಗಿಯ ಲಾಭವನ್ನು ದಾಟಿದ ದಿನ ಆ ಪೇಜು ಎಜೆಗೆ ಕುತ್ತಿಗೆಗೆ ಕಟ್ಟಿದ ಕಲ್ಲಾಗುತ್ತದೆ. ಆಗ ಬುರುಲ್ ಅನುಕಂಪದಿಂದ ಮುಂದೆ ಬರುತ್ತಾಳೆ: ಪೇಜು ನನ್ನ ಹೆಸರಿಗೆ ಮಾಡಿ ಎಜೆ, ನಷ್ಟ ನಂದು, ನೀವು ಹೊಲಿದುಕೊಡಿ ಸಾಕು. ಲಕ್ಷ ಜನ ಹಿಂಬಾಲಿಸುವ ಅಂಗಡಿಗೆ ಬುರುಲ್ ಒಡತಿ, ಜೂರಾ ಎಜೆ ಕೂಲಿಗೆ ಹೊಲಿಯುವವಳು. ಮಿರ್ಲಾನ್‌ಗೆ ಮೂರನೇ ಒಂದು ಪಾಲು ಸೊನ್ನೆ.

ಅಂಕಿಯನ್ನು ಸುಳ್ಳು ಹೇಳಿ ಏರಿಸುವಂತಿರಲಿಲ್ಲ. ಹಣ ಹೋಗುವುದು ಎಜೆಯ ಕಾರ್ಡಿನಿಂದ, ಮಾರಾಟ ಎಣಿಸುವವಳೂ ಅವಳೇ. ಆದ್ದರಿಂದ ಖರ್ಚು ನಿಜವಾಗಿಯೇ ಆಗಬೇಕು, ಗಿರಾಕಿ ಮಾತ್ರ ಬೇರೆ ಕಡೆ ಹೋಗಬೇಕು. ಬುರುಲ್ ಜಾಹೀರಾತನ್ನು ಎರಡು ಪಾಲು ಮಾಡಿದಳು. ಒಂದು ಪಾಲು ಎಂದಿನಂತೆ ಎಜೆಯ ಅಂಗಡಿಗೆ. ಇನ್ನೊಂದು ಪಾಲಿನಲ್ಲಿಯೂ ಎಜೆಯದೇ ಹೆಸರು, ಎಜೆಯದೇ ಚಿತ್ರ, ಎಜೆಯದೇ ಹಣ. ಆದರೆ ಗುಂಡಿ ಒತ್ತಿದರೆ ತೆರೆದುಕೊಳ್ಳುವ ವಾಟ್ಸಾಪ್ ನಂಬರು ಬುರುಲ್‌ಳದು. ಅಂಗಿಗಳನ್ನು ಊರಾಚೆಯ ಒಂದು ಹೊಲಿಗೆ ಶೆಡ್ಡಿನಲ್ಲಿ ಅಗ್ಗಕ್ಕೆ ಹೊಲಿಸಿದಳು. ಈ ಎರಡನೇ ಜಾಹೀರಾತು ಪೇಜಿನ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಅವಳು ಆರಿಸಿದವರ ಫೋನಿನಲ್ಲಿ ಮೂಡಿ ಮರೆಯಾಗುತ್ತದೆ.

ಯಾರ ಫೋನಿನಲ್ಲಿ ಎಂಬುದರಲ್ಲೇ ಅವಳ ಜಾಣತನವಿತ್ತು. ಬಿಷ್ಕೆಕ್ ಬೇಡ, ಎಜೆ ಅಲ್ಲಿ ಬದುಕುತ್ತಾಳೆ. ನಾರಿನ್ ಬೇಡ, ಎಜೆಯ ತವರು. ದೇಶದ ನೈಋತ್ಯದ ತುದಿಯಲ್ಲಿರುವ ಬಾತ್ಕೆನ್ ಸರಿ. ಬೆಟ್ಟಗಳನ್ನು ದಾಟಿ ಅಷ್ಟು ದೂರ ಕಳಿಸಿದರೆ ಸಾಗಣೆಯೇ ಲಾಭವನ್ನು ನುಂಗುತ್ತದೆಂದು ಎಜೆ ಆ ಕಡೆ ಒಂದು ಗುಂಡಿಯನ್ನೂ ಮಾರಿರಲಿಲ್ಲ. ಅಲ್ಲಿ ಅವಳಿಗೆ ನೆಂಟರಿಲ್ಲ, ಸ್ನೇಹಿತರಿಲ್ಲ, ಸಾಲಗಾರರೂ ಇಲ್ಲ. ಆದರೂ ಎಜೆಯ ಅಕ್ಕತಂಗಿಯರು, ಸೊಸೆಯಂದಿರು, ಮಿರ್ಲಾನ್, ಮಿರ್ಲಾನ್‌ನ ಗೆಳೆಯರು, ಎಲ್ಲರ ಖಾತೆಗಳನ್ನೂ ಹುಡುಕಿ ಹುಡುಕಿ ಹೊರಗಿಟ್ಟಳು. ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಮತ್ತೊಮ್ಮೆ ಬೆರಳಾಡಿಸಿ ಸಂದಿ ಉಳಿದಿದೆಯೇ ಎಂದು ನೋಡಿದಳು.

ಬಾತ್ಕೆನ್‌ನವರು ಮುಗಿಬಿದ್ದರು. ಸೇಬು ಕೊಯ್ದು ಮುಗಿದ ಕಾಲ, ಮದುವೆಗಳ ಕಾಲ.

"ಜೂರಾ ಎಜೆ ಅಂಗಡಿ ತಾನೇ ಇದು?" ಎಂದು ಫೋನಿನಲ್ಲಿ ಒಬ್ಬ ಹೆಂಗಸು ಗದರಿದಳು.

"ಹೌದು ಎಜೆ, ಹೇಳಿ."

"ನೋಡು, ಕಳಪೆ ಬಟ್ಟೆ ಕಳಿಸಿ ಕೈ ತೊಳ್ಕೊಂಡ್ರೆ ನಾನೇ ಬಿಷ್ಕೆಕ್‌ಗೆ ಬಂದು ನಿಮ್ಮ ಗಲ್ಲಾಪೆಟ್ಟಿಗೆ ಮೇಲೆ ಕೂತ್ಕೋತೀನಿ."

"ಬನ್ನಿ ಬನ್ನಿ, ಚಹಾ ಕುಡಿಸ್ತೀನಿ. ಯಾವ ಸೈಜು ಹಾಕ್ಲಿ?"

"ಸೈಜು ಎಂಥದು, ಮಧ್ಯಮದ್ದು ಆರು ಹಾಕು. ಮೂರು ಕೆಂಪು, ಮೂರು ನೀಲಿ."

ಬುರುಲ್‌ಗೆ ಇಂಥ ಗಿರಾಕಿಗಳೆಂದರೆ ಪ್ರೀತಿ. ಬಿಷ್ಕೆಕ್‌ನವರು ಒಂದು ಅಂಗಿಗೆ ಹತ್ತು ಸಲ ಅಳತೆ ಕೇಳಿ, ತರಿಸಿ, ತೊಟ್ಟು, ವಾಪಸು ಕಳಿಸುತ್ತಿದ್ದರು. ಇವರು ಕೇಳುವುದೂ ಇಲ್ಲ, ಕಳಿಸುವುದೂ ಇಲ್ಲ.

ಎಜೆಯ ಸೋಮವಾರಗಳು ಕಪ್ಪಾಗತೊಡಗಿದವು. ಒಂದು ಅಂಗಿಗೆ ಅಲ್ಲಿನ ದುಡ್ಡಿನಲ್ಲಿ ಮುನ್ನೂರು ಸೋಮ್ ಇದ್ದ ಖರ್ಚು ಆರುನೂರಾಯಿತು, ಎಂಟುನೂರಾಯಿತು.

"ಏನೇ ಇದು, ನಿನ್ನ ಫೋನಿಗೆ ಭಸ್ಮಕ ರೋಗವಾ?"

"ನಮಗೊಬ್ಬರಿಗೇ ಅಲ್ಲ ಎಜೆ, ಇಡೀ ದೇಶಕ್ಕೇ ಹೀಗಾಗಿದೆ. ಜಾಹೀರಾತಿನ ಜಾಗ ಅಂದ್ರೆ ಹರಾಜು. ಗಡಿಯಾಚೆ ಅಲ್ಮಾಟಿಯ ದೊಡ್ಡ ಅಂಗಡಿಗಳು ನಮ್ಮ ದೇಶದ ಮೇಲೂ ಕೂಗ್ತಾ ಇದಾವೆ. ಅವರ ಹಣದ ಮುಂದೆ ನಾವು ಎಷ್ಟರವರು?"

ಮಿರ್ಲಾನ್ ತನ್ನ ಗೆಳೆಯನೊಬ್ಬನನ್ನು ವಿಚಾರಿಸಿದ. ಗೆಳೆಯನೂ ಅದೇ ಕಸುಬಿನವನು. ತನ್ನ ಗಿರಾಕಿಗಳಿಗೆ ತಾನೂ ಅದೇ ಹರಾಜಿನ ಕತೆ ಹೇಳುತ್ತಿದ್ದವನು. ಹೌದು, ಕಾಲ ಕೆಟ್ಟಿದೆ ಎಂದ. ಬುರುಲ್ ಅದನ್ನು ಮೊದಲೇ ಊಹಿಸಿದ್ದಳು. ಈ ಕಸುಬಿನಲ್ಲಿ ಯಾರೂ ಇನ್ನೊಬ್ಬರ ಅಂಕಿಯನ್ನು ಸುಳ್ಳೆನ್ನುವುದಿಲ್ಲ.

ಖರ್ಚು ಸಾವಿರ ದಾಟಿ ಲಾಭವನ್ನು ಮೀರಿದ ವಾರ ಎಜೆ ಇಬ್ಬರು ಹೊಲಿಗೆಯವರನ್ನು ಮನೆಗೆ ಕಳಿಸಿದಳು. ಅದರಲ್ಲೊಬ್ಬಳು ಮೆಟ್ಟಿಲ ಮೇಲೆ ಕೂತು ಅತ್ತಳು. ಬುರುಲ್ ಅವಳನ್ನು ದಾಟಿಕೊಂಡು ಮೇಲೆ ಹೋಗಿ, ಮೃದುವಾದ ದನಿಯಲ್ಲಿ, ತನ್ನ ಮಾತು ಮುಂದಿಟ್ಟಳು. ಪೇಜು ನನಗೆ ಬಿಡಿ ಎಜೆ.

ಎಜೆ ಲೆಕ್ಕದ ಪುಸ್ತಕ ಮುಚ್ಚಿದಳು. ಅವಳ ಮುಖದಲ್ಲಿ ಮೊದಲ ಸಲ ವಯಸ್ಸು ಕಂಡಿತು.

"ನೀನಾದ್ರೂ ಉಳಿಸ್ಕೋ," ಎಂದಳು. "ಮಿರ್ಲಾನ್‌ನ ನಿಶ್ಚಯಕ್ಕೆ ತಲಾಸ್‌ಗೆ ಹೋಗಬೇಕು. ಬಂದ ಮೇಲೆ ಕಾಗದ ಮಾಡೋಣ."

ಆ ದಿನಗಳನ್ನು ಬುರುಲ್ ಚಪ್ಪರಿಸಿಕೊಂಡು ಕಳೆದಳು. ಒಡತಿಯಾದ ಮೇಲೆ ಕುರಿ ಕಡಿಸುವುದು, ಯಾರನ್ನು ಎಲ್ಲಿ ಕೂರಿಸುವುದು, ಯಾರ ತಟ್ಟೆಗೆ ಯಾವ ಮೂಳೆ. ಬಾತ್ಕೆನ್‌ನ ಜಾಹೀರಾತನ್ನು ನಿಲ್ಲಿಸಿ, ಗುರುತು ಉಳಿಯದಂತೆ ಅಳಿಸಿದಳು. ಶೆಡ್ಡಿನವರ ಬಾಕಿ ತೀರಿಸಿದಳು. ತಿರುಗಿ ನೋಡಿದರೆ ಎಲ್ಲಿಯೂ ಒಂದು ದಾರ ಜೋತುಬಿದ್ದಿರಲಿಲ್ಲ.

ಎಜೆ ಬಂದಳು. ಅಂಗಡಿಯ ಮೇಲಿನ ಕೋಣೆಯಲ್ಲಿ ಕಾಗದಗಳು ಸಿದ್ಧವಾಗಿದ್ದವು. ಮಿರ್ಲಾನ್ ಬಾಗಿಲಿಗೆ ಒರಗಿ ನಿಂತಿದ್ದ, ಇವತ್ತು ಅವನ ಬಾಯಲ್ಲಿ ಒಂದು ತಮಾಷೆಯೂ ಇರಲಿಲ್ಲ. ಎಜೆ ಕಾಗದದ ಕಡೆ ನೋಡದೆ ಚೀಲದಿಂದ ಒಂದು ಕೆಂಪು ಚಾಪಾನ್ ತೆಗೆದಳು.

"ಎದ್ದು ನಿಲ್ಲು ಮಗಳೇ."

ಬುರುಲ್ ನಿಂತಳು. ಸಭೆಯಲ್ಲಿ ಹಿರಿಯರಿಗೆ ಹೊದಿಸುವ ಹಾಗೆ ಎಜೆ ಅದನ್ನು ಅವಳ ಹೆಗಲಿಗೆ ಹೊದಿಸಿ, ಕೊರಳಪಟ್ಟಿ ಸರಿಮಾಡಿದಳು. ಒಂದು ಕ್ಷಣ ಬುರುಲ್‌ಗೆ ನಿಜಕ್ಕೂ ಹೆಮ್ಮೆಯಾಯಿತು.

"ಮಿರ್ಲಾನ್‌ನ ಬೀಗರು ತಲಾಸ್‌ನಲ್ಲಿ ನಂಗೆ ಇದನ್ನ ಹೊದಿಸಿದ್ರು. 'ಬಜಾರದ ಮಾಲಲ್ಲ ಎಜೆ, ನಿಮ್ಮದೇ ಅಂಗಡೀದು' ಅಂತ ನಾಲ್ಕು ಜನರ ಮುಂದೆ ಕೂಗಿ ಹೇಳಿದ್ರು. ನಂಗೆ ನನ್ನ ಹೊಲಿಗೆ ಗೊತ್ತಿಲ್ವಾ? ಇದು ನನ್ನದಲ್ಲ. ಕೇಳ್ದೆ, ಎಲ್ಲಿಂದ ಬಂತು ಅಂತ. ಅವರಿಗೆ ಓಷ್‌ನ ಬೀಗಿತ್ತಿ ಹೊದಿಸಿದ್ದಂತೆ. ಓಷ್‌ನವಳಿಗೆ ಬಾತ್ಕೆನ್‌ನ ಬೀಗಿತ್ತಿ. ಆ ಬಾತ್ಕೆನ್‌ನವಳ ಜತೆ ನಿನ್ನೆ ಫೋನಲ್ಲಿ ಮಾತಾಡ್ದೆ. ಆರ್ಡರ್ ಕೊಟ್ಟ ನಂಬರೂ ಹೇಳಿದ್ಲು, ನೋಡಿದ್ರೆ ನಿಂದೇ. ನಿಮ್ಮಂಗಡಿ ಹುಡುಗಿ ಬಾಳ ನಯವಾಗಿ ಮಾತಾಡ್ತಾಳೆ, ಚಹಾ ಕುಡಿಸ್ತೀನಿ ಅಂದಿದ್ಲು ಅಂದ್ಲು." ಎಜೆ ಒಂದು ಹೆಜ್ಜೆ ಹಿಂದೆ ಸರಿದು, ಹೊದಿಸಿದ್ದು ಹೇಗೆ ಕಾಣುತ್ತದೆಂದು ನೋಡಿದಳು. "ತೆಗೀಬೇಡ, ಹಾಗೇ ಇರ್ಲಿ. ಪೊಲೀಸರು ಬರೋವರೆಗೂ ಹೊದ್ಕೊಂಡಿರು. ನಿನ್ನದೇ ಅಲ್ವಾ?"

ಹೆಗಲ ಮೇಲಿನ ಭಾರ ಹೊತ್ತು ನಿಂತ ಬುರುಲ್ ಒಂದೊಂದು ಕಿಟಕಿಯನ್ನೂ ನೆನೆದಳು, ಎಲ್ಲವನ್ನೂ ಮುಚ್ಚಿದ್ದಳು. ಜಾಹೀರಾತು ಯಾರನ್ನು ತಲುಪುತ್ತದೆ ಎಂಬುದನ್ನು ಕೂದಲೆಳೆಯಷ್ಟೂ ತಪ್ಪದೆ ಲೆಕ್ಕ ಹಾಕಿದವಳು, ಅಂಗಿ ಯಾರನ್ನು ತಲುಪುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ದೇಶದಲ್ಲಿ ಬೀಗರು ಹೊದಿಸಿದ ಚಾಪಾನನ್ನು ಯಾರೂ ತೊಡುವುದಿಲ್ಲ. ಮಡಿಚಿ ಪೆಟ್ಟಿಗೆಯಲ್ಲಿಡುತ್ತಾರೆ, ಮುಂದಿನ ಮದುವೆಯಲ್ಲಿ ಇನ್ನೊಬ್ಬ ಬೀಗರ ಹೆಗಲಿಗೆ ಹೊದಿಸುತ್ತಾರೆ, ಯಾವ ಅಂಗಡಿಯದೆಂದು ಹೆಮ್ಮೆಯಿಂದ ಹೇಳಿಯೇ ಹೊದಿಸುತ್ತಾರೆ. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಕ್ಕನ ಮದುವೆಯಲ್ಲಿ ಬಂದ ನಾಲ್ಕು ಚಾಪಾನ್‌ಗಳು ಅವಳ ಅಮ್ಮನ ಪೆಟ್ಟಿಗೆಯಲ್ಲಿ, ಅವಳೇ ಮಡಿಚಿಟ್ಟ ಹಾಗೆ, ಮುಂದಿನ ಊರಿಗೆ ಹೊರಡಲು ಕಾಯುತ್ತಿದ್ದವು.